ಎಂಟನೆಯ ಕಟ್ಟು

ಆ ಕುರಿಗಾರ ಹೆಂಗಸಿನ ಮುಖ ನನಗೆ ಸರಿಯಾಗಿ ನೆನಪಿಲ್ಲ. ನೆನಪಿನಲ್ಲಿರುವ ಮೂಗಿನ ನತ್ತನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ನಾನು ಕೊಟ್ಟ ಪ್ರತಿ ಸೊಪ್ಪಿನ ಕಟ್ಟನ್ನು ಮೂಸುವ ಮೊದಲು, ಹಿಂದಿನ ವಾಸನೆ ಹೋಗಲೆಂದು ಹೆಗಲ ಕಂಬಳಿಯನ್ನೊಮ್ಮೆ ಮೂಸುತ್ತಿದ್ದದ್ದು, 'ತಡೀರಿ, ಇನ್ನೊಮ್ಮಿ ನೋಡತೀನಿ' ಎನ್ನುತ್ತಿದ್ದದ್ದು ಮಾತ್ರ ಖಂಡಿತ.

ಒಂದೇ ಕಾಡುತುಳಸಿಯ ಎಣ್ಣೆ ಯಲಬುರ್ಗಾದ ಗುಡ್ಡದಲ್ಲಿ ಒಂದು ಬಗೆ, ಗಂಗಾವತಿಯ ಬಂಡೆಗಳ ನಡುವೆ ಇನ್ನೊಂದು ಬಗೆ ಎಂದು ತೋರಿಸುವುದು ನನ್ನ ಪಿಎಚ್‌ಡಿ ಕೆಲಸ. ಎರಡೂ ಕಡೆಯಿಂದ ಕೊಯ್ದು ತಂದ ಎಂಟು ಕಟ್ಟುಗಳ ಮೇಲೆ ಊರಿನ ಹೆಸರು ಬರೆದಿದ್ದ ಚೀಟಿಗಳ ಶಾಯಿ ಮಳೆಗೆ ಅಳಿಸಿಹೋಗಿತ್ತು. ನನ್ನ ಮೂಗಿಗೆ ಎಲ್ಲವೂ ಒಂದೇ. ಅವಳು ಯಲಬುರ್ಗಾದವಳು, ಭತ್ತದ ಕೊಯ್ಲಾದ ಮೇಲೆ ಕುರಿ ಹೊಡೆದುಕೊಂಡು ಗಂಗಾವತಿಗೆ ಹೋಗುವವಳು. ಎರಡೂ ಗುಡ್ಡ ಬಲ್ಲಳು.

'ಇಷ್ಟು ಓದೀರಿ, ಮೂಗು ಯಾರಿಗಿ ಮಾರಿದ್ರಿ ಸರ?' ಎಂದು ನಗುತ್ತಲೇ ಏಳು ಕಟ್ಟುಗಳನ್ನು ಎರಡು ಪಾಲು ಮಾಡಿದಳು. ಎಂಟನೆಯದನ್ನು ಮೂರು ಸಲ ಮೂಸಿ ಕೆಳಗಿಟ್ಟಳು.

'ಇದು ಗೊತ್ತಾಗವಲ್ದು. ಒಗದುಬಿಡ್ರಿ.'

'ಅಂದಾಜಿಗರೆ ಹೇಳ ಯವ್ವಾ, ನನಗ ಎಂಟೂ ಬೇಕು.'

'ನಿಮಗ ಬೇಕಂದ್ರ ಅದಕ್ಕ ವಾಸನಿ ಬರತೈತೇನು?'

ಪ್ರಯೋಗಾಲಯದಲ್ಲಿ ಏಳು ಕಟ್ಟುಗಳ ಎಣ್ಣೆ ಅವಳು ಹೇಳಿದಂತೆಯೇ ಎರಡು ಬಗೆಯಾಯಿತು. ಎಂಟನೆಯದು ಎರಡಕ್ಕೂ ಹೊಂದಲಿಲ್ಲ. ಅವಳು ಹೋದ ಮೇಲೆ ಅದರ ಮೇಲೆ ನಾನೇ ಅಂದಾಜಿಗೆ 'ಗಂಗಾವತಿ' ಎಂದು ಬರೆದಿದ್ದೆ. ಗಂಗಾವತಿಯ ಗಿಡಗಳಲ್ಲೇ ವ್ಯತ್ಯಾಸ ಹೆಚ್ಚು ಎಂಬ, ಎಲ್ಲರೂ ಮೆಚ್ಚಿದ ನನ್ನ ತೀರ್ಮಾನ ನಿಂತಿರುವುದು ಆ ಒಂದು ಕಟ್ಟಿನ ಮೇಲೆ.