ಅಳತೆ ಬಟ್ಟೆ

ಅವಳ ಬಲಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ಚಿಕ್ಕವಳಿದ್ದಾಗ ರಾಗಿ ಬೀಸುವ ಕಲ್ಲಿಗೆ ಸಿಕ್ಕಿತ್ತಂತೆ. ಮೂಳೆ ಅಡ್ಡಾದಿಡ್ಡಿಯಾಗಿ ಕೂಡಿಕೊಂಡು ಮತ್ತೆ ನೆಟ್ಟಗಾಗಲೇ ಇಲ್ಲ. ಹೀಗಾಗಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಅಗಲಿಸಿದರೆ ಅವಳ ಗೇಣು ಬೇರೆಯವರ ಗೇಣಿಗಿಂತ ಒಂದು ಬೆರಳು ಕಮ್ಮಿ ಬರುತ್ತಿತ್ತು. ಆ ಡೊಂಕು ಗೇಣಿನಲ್ಲೇ ಅವಳು ನಮ್ಮ ಕೇರಿಯ ಎಲ್ಲ ಮಕ್ಕಳ ಭುಜ, ಬೆನ್ನು, ಸೊಂಟ ಅಳೆದಳು. ಗೋಡೆಯ ಮೊಳೆಗೆ ಒಂದು ಟೇಪು ನೇತಾಡುತ್ತಿತ್ತು, ನಿಜ. ಅದನ್ನು ಅವಳು ಇಳಿಸಿದ್ದನ್ನು ನಾನು ನೋಡಿದ್ದು ಕಮ್ಮಿ.

ನಮಗೂ ಅವಳಿಗೂ ನೆಂಟಸ್ತಿಕೆಯೇನೂ ಇರಲಿಲ್ಲ. ಎರಡು ಮನೆಗೂ ನಡುವಿನ ಗೋಡೆ ಒಂದೇ ಆಗಿತ್ತು, ಅಷ್ಟೆ. ನಾನು ದೊಡ್ಡಮ್ಮ ಎನ್ನುತ್ತಿದ್ದೆ, ಮಿಕ್ಕವರಿಗೆಲ್ಲ ಅವಳು ಮಿಷನ್ನಮ್ಮ. ಪಾವಗಡದಾಚೆ ಆಂಧ್ರದ ಗಡಿಗೆ ತಾಗಿದ ಹಳ್ಳಿಯೊಂದರಿಂದ, ಐ.ಡಿ.ಹಳ್ಳಿ ಕಡೆಯ ನಮ್ಮೂರಿಗೆ ಸೊಸೆಯಾಗಿ ಬಂದವಳು. ಎಷ್ಟು ವರ್ಷವಾದರೂ ಮುದ್ದು ಬಂದರೆ ಮಕ್ಕಳನ್ನು ತೆಲುಗಿನಲ್ಲಿ ‘ತಲ್ಲಿ’, ಅಂದರೆ ತಾಯಿ, ಎಂದೇ ಕರೆಯುತ್ತಿದ್ದಳು. ಸಿಟ್ಟು ಬಂದರೆ ಪೂರಾ ತೆಲುಗು. ಬೈಯುವುದಕ್ಕೆ ಆ ಭಾಷೆಯೇ ಸಲೀಸು ಎಂದು ಅವಳ ವಾದ.

ಅವಳು ಹೊಲಿಗೆಗೆ ಇಳಿದದ್ದು ಏಕೆಂದು ಹೇಳಬೇಕಾದರೆ ಅಳತೆ ಬಟ್ಟೆಯ ವಿಷಯ ಹೇಳಲೇಬೇಕು. ಹೋಬಳಿಯ ಪೇಟೆಬೀದಿಯಲ್ಲಿ ಒಬ್ಬ ಟೈಲರ್ ಇದ್ದ. ಊರಿನ ಬೇರೆ ಮಕ್ಕಳು ಅಂಗಡಿಗೆ ಹೋದರೆ ಕತ್ತಿಗೆ ಟೇಪು ಹಾಕಿಕೊಂಡು ಕೆಳಗಿಳಿದು ಬಂದು, ತೋಳು, ಎದೆ, ಉದ್ದ ಎಂದು ಅಳೆಯುತ್ತಿದ್ದ. ನಮ್ಮ ಕೇರಿಯವರು ಹೋದರೆ ಮಾತ್ರ ಕೂತಲ್ಲಿಂದಲೇ, “ಅಳತೆ ಬಟ್ಟೆ ತಂದಿದ್ದೀರಾ?” ಎನ್ನುತ್ತಿದ್ದ. ನಮ್ಮ ಹಳೆಯ ಬಟ್ಟೆಯೊಂದನ್ನು ಕಟ್ಟೆಯ ಮೇಲಿಟ್ಟು ಬರಬೇಕು, ಅದನ್ನು ನೋಡಿಕೊಂಡು ಅವನು ಹೊಸದನ್ನು ಹೊಲಿಯುತ್ತಾನೆ. ಜಾತಿಯ ಕಾರಣಕ್ಕೆ ಮುಟ್ಟುವುದಿಲ್ಲ ಎಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ನಾವೂ ಕೇಳಲಿಲ್ಲ. ಅಳತೆ ಬಟ್ಟೆ ಎಂಬುದು ಎಲ್ಲ ಕಡೆಯೂ ಇರುವ ಪದ್ಧತಿ ತಾನೇ, ಹಾಗಾಗಿ ಅದರ ಹಿಂದೆ ಅವಿತುಕೊಳ್ಳುವುದು ಅವನಿಗೆ ಸುಲಭವಾಗಿತ್ತು.

ಇದರಲ್ಲಿ ಇನ್ನೊಂದು ಫಜೀತಿ ಇತ್ತು. ಅಳತೆಗೆ ಕೊಡುವ ಬಟ್ಟೆ ಹೋದ ವರ್ಷದ್ದು. ಬೆಳೆಯುವ ಮಕ್ಕಳು ಹೋದ ವರ್ಷದಷ್ಟೇ ಇರುತ್ತಾರೆಯೇ? ಹೊಸ ಬಟ್ಟೆ ಹಾಕಿಕೊಂಡ ದಿನವೇ ಕಂಕುಳಲ್ಲಿ ಬಿಗಿ, ಮಂಡಿಗೆ ಗಿಡ್ಡ. ನಮ್ಮ ಕೇರಿಯ ಮಕ್ಕಳು ಬಟ್ಟೆಯಲ್ಲಿ ಯಾವಾಗಲೂ ಒಂದು ವರ್ಷ ಹಿಂದೆ ಇದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ಹದಿನೈದರ ಕವಾಯತಿಗೆ ಹುಡುಗಿಯರೆಲ್ಲ ಬಿಳಿ ಫ್ರಾಕು ಹಾಕಿಕೊಂಡು ಬರಬೇಕೆಂದು ಮೇಷ್ಟ್ರು ಹೇಳಿದರು. ಅಮ್ಮ ಬಿಳಿ ಬಟ್ಟೆ ತಂದು, ನನ್ನ ಹಳೇ ಫ್ರಾಕಿನ ಜೊತೆ ಟೈಲರಿಗೆ ಕೊಟ್ಟು ಬಂದಳು. ಹಬ್ಬಕ್ಕೆ ಎರಡು ದಿನ ಮುಂಚೆ ಸ್ಕೂಲಿನ ಬಯಲಿನಲ್ಲಿ ಹೊಸ ಫ್ರಾಕಿನಲ್ಲೇ ಅಭ್ಯಾಸ. “ಕೈ ಮೇಲೆ!” ಎಂದರು ಮೇಷ್ಟ್ರು. ಎತ್ತಿದೆ. ಎರಡೂ ಕಂಕುಳಲ್ಲಿ ಪರ್ರೆಂದು ಹರಿದು ಸೊಂಟದವರೆಗೆ ಬಾಯಿ ಬಿಟ್ಟಿತು. ಸಾಲಿನಲ್ಲಿದ್ದವರು ನಕ್ಕರು. ನನ್ನ ಪಕ್ಕದ ಹುಡುಗಿಯೂ ನಕ್ಕಳು, ಅದು ಇವತ್ತಿಗೂ ನೆನಪಿದೆ. ಎರಡು ಕೈಯಿಂದ ಪಕ್ಕೆ ಮುಚ್ಚಿಕೊಂಡು ಮನೆಗೆ ಓಡಿಬಂದವಳು, ಇನ್ನು ಸ್ಕೂಲಿಗೇ ಹೋಗುವುದಿಲ್ಲ ಎಂದು ಮೂಲೆಯಲ್ಲಿ ಕೂತೆ. ಅಮ್ಮ ಗದರಿದಳು, ಗೋಗರೆದಳು. ನಾನು ಜಗ್ಗಲಿಲ್ಲ. ನಮ್ಮ ಕೇರಿಯಲ್ಲಿ ಹೀಗೆ ಮೂಲೆಯಲ್ಲಿ ಕೂತ ಹುಡುಗಿಯರು ವಾರ ಕಳೆಯುವುದರೊಳಗೆ ಕೂಲಿಗೆ ಹೋಗುತ್ತಿದ್ದರು, ಅಮ್ಮನಿಗೆ ಆ ದಿಗಿಲು.

ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಮ್ಮ ಬಂದಳು. ಆಗಿನ್ನೂ ಅವಳು ತನ್ನ ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ಹೊಲಿಯುತ್ತಿರಲಿಲ್ಲ. ಅಮ್ಮ ಹರಿದ ಫ್ರಾಕನ್ನು ಮುಂದೆ ಹಿಡಿದಳು. ಅವಳು ಅದರ ಕಡೆ ನೋಡಲೇ ಇಲ್ಲ.

“ಬಟ್ಟೆ ಮಡಗು. ಮಗೀನ ಕಳ್ಸು” ಎಂದಳು.

ಅವಳ ಮನೆಯ ಬಾಗಿಲ ಬೆಳಕಿನಲ್ಲಿ ನನ್ನನ್ನು ನಿಲ್ಲಿಸಿದಳು. ಡೊಂಕು ಗೇಣನ್ನು ಭುಜದಿಂದ ಭುಜಕ್ಕೆ ಇಟ್ಟಳು, ಕತ್ತಿನಿಂದ ಮಂಡಿಗೆ ಇಳಿಸಿದಳು. ಆಮೇಲೆ ಅವಳ ಮೂರು ಅಪ್ಪಣೆಗಳು: “ಕೂತ್ಕಾ. ಬಗ್ಗು. ಕೈ ಎತ್ತು.” ಕೂತಾಗ ಒಮ್ಮೆ, ಬಗ್ಗಿದಾಗ ಒಮ್ಮೆ, ಕೈ ಎತ್ತಿದಾಗ ಒಮ್ಮೆ ಅಳತೆ. ಮೊದಲು ಕಚಗುಳಿಯಾಗಿ ನಕ್ಕೆ. ಆಮೇಲೆ ಯಾಕೋ ಅಳು ಬಂತು. ನನ್ನ ಮೈಯನ್ನು ಯಾರೂ ಅದುವರೆಗೆ ಅಳೆದಿರಲಿಲ್ಲ.

“ಅಳ್ಬ್ಯಾಡ ತಲ್ಲಿ. ನೀನ್ ಬೆಳ್ದಿದ್ದೀಯ, ಅದ್ರಾಗೆ ಏನ್ ತಪ್ಪೈತೆ? ಅವ್ನು ಕಣ್ಬುಟ್ಟು ನೋಡ್ಲಿಲ್ಲ, ಅಷ್ಟೇಯ.”

ಹರಿದದ್ದಕ್ಕೆ ತೇಪೆ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಡನ ಬಿಳಿ ಪಂಚೆಯನ್ನು ಪೆಟ್ಟಿಗೆಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಹಾಸಿದಳು. ಸವೆದ ಸೋಪಿನ ಚೂರಿನಿಂದ ಗೀಟು ಎಳೆದಳು. ಕತ್ತಿಗೆ ಮೂರು ಬೆರಳು, ತೋಳಿಗೆ ಒಂದು ಗೇಣು, ಅಲ್ಲಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಒಂದು ಗೆರೆ. ಕತ್ತರಿ ಒಂದೇ ಸಲ ಆಡಿತು. ಬಿಚ್ಚಿ ಹಿಡಿದರೆ ಕತ್ತೂ ತೋಳೂ ಇರುವ ಅಂಗಿಯ ಆಕಾರ. ಎರಡು ಪಕ್ಕಕ್ಕೆ ಎರಡು ಹೊಲಿಗೆ, ಕತ್ತಿಗೊಂದು ಪಟ್ಟಿ, ತೋಳಿನ ಅಂಚಿಗೆ ಮಡಿಕೆ. ಅಂಗಿಯ ಕೆಳ ಅಂಚನ್ನು ಮಾತ್ರ ನಾಲ್ಕು ಬೆರಳು ಅಗಲ ಒಳಕ್ಕೆ ಮಡಿಸಿ, ಸಲೀಸಾಗಿ ಬಿಚ್ಚಲು ಬರುವಂತೆ ದೂರ ದೂರ ಟಾಕು ಹಾಕಿದಳು. “ಬರೋ ವರ್ಸ ಒಂದ್ ಬೆರ್ಳು ಬಿಚ್ಕಾ, ಅದ್ರ ಮುಂದಿನ್ ವರ್ಸ ಇನ್ನೊಂದು” ಎಂದಳು.

ಸಂಜೆ ಅವಳ ಗಂಡ ಬಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಪಂಚೆಯ ಗುರುತು ಹಿಡಿದ. “ಅಲ್ಲಾ ಕಣಮ್ಮ, ನಾನಂತೂ ಇಸ್ಕೂಲ್ ಮೆಟ್ಲು ಹತ್ಲಿಲ್ಲ. ನನ್ ಪಂಚೆನಾದ್ರೂ ಹೋಗ್ಲಿ ಬುಡು” ಎಂದ. ಮರುದಿನ ನಾನು ಸ್ಕೂಲಿಗೆ ಹೋದೆ. ಕವಾಯತಿನ ದಿನ ಎಲ್ಲರಿಗಿಂತ ಮೇಲಕ್ಕೆ ಕೈ ಎತ್ತಿದೆ. ಆ ಫ್ರಾಕು ನನಗೆ ಮೂರು ವರ್ಷ ಬಂತು.

ಅವಳಿಗೆ ಹೊಲಿಗೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತನ್ನ ಮಗಳಿಗೆ ಅದೇ ಟೈಲರ್ ಹೊಲಿದ ಫ್ರಾಕು ತಲೆಯಿಂದಲೇ ಇಳಿಯದೆ ಹೋದಾಗ, ಸಿಟ್ಟಿಗೆ ಬ್ಲೇಡು ತೆಗೆದುಕೊಂಡು ಅದರ ಹೊಲಿಗೆಯನ್ನೆಲ್ಲ ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ಹರಡಿದಳಂತೆ. “ಇಷ್ಟೇನಾ ಇದು!” ಅನ್ನಿಸಿತಂತೆ. ಎಷ್ಟೋ ಕಾಲ ಬರೀ ಸೂಜಿ ದಾರದಲ್ಲೇ ಹೊಲಿದಳು, ಪಂಚಾಯ್ತಿಯಿಂದ ಹೊಲಿಗೆ ಮಿಷನ್ ಬಂದದ್ದು ಆಮೇಲೆ. ನನಗೂ ಹಾಗೆಯೇ ಕಲಿಸಿದಳು. ಎರಡು ಬೇಸಿಗೆ ರಜೆ ನನ್ನ ಕೈಗೆ ಕತ್ತರಿ ಕೊಡಲಿಲ್ಲ. ಹಳೇ ಬಟ್ಟೆಗಳನ್ನು ಬಿಚ್ಚುವುದೇ ಕೆಲಸ. ಮೂರನೇ ಬೇಸಿಗೆಯಲ್ಲಿ ಅವಳ ಹಾಗೆಯೇ ಕಿರುಬೆರಳು ಮಡಿಸಿ ಅಳೆಯಲು ಹೋದೆ. ಕೈಮೇಲೆ ಫಟ್ಟನೆ ಹೊಡೆದಳು. “ನಂದು ಡೊಂಕು ಕಣೇ, ಅದ್ಕೆ ಹಂಗೆ. ನಿನ್ ಗೇಣ್ನಾಗೆ ನೀನು ಅಳೀ.”

ಅವಳು ಸಾಧು ಪ್ರಾಣಿ ಎಂದು ಯಾರಾದರೂ ಅಂದುಕೊಂಡರೆ ತಪ್ಪು. ನಾನು ಹೈಸ್ಕೂಲಿನಲ್ಲಿದ್ದಾಗ ಅದೇ ಟೈಲರನ ಸೊಸೆ ಮಗಳನ್ನು ಕರೆದುಕೊಂಡು ನಮ್ಮ ಕೇರಿಗೆ ಬಂದಳು. ಮಾವನಿಗೆ ಕಣ್ಣು ಕಾಣದಾಗಿ ಅಂಗಡಿ ಮುಚ್ಚಿತ್ತು, ದೊಡ್ಡಮ್ಮನ ಅಂಗಿಗಳ ಹೆಸರು ಆ ಬೀದಿಗೂ ಮುಟ್ಟಿತ್ತು. ಆಕೆಯ ಕೈಯಲ್ಲೂ ಒಂದು ಅಳತೆ ಬಟ್ಟೆ ಇತ್ತು. ದೊಡ್ಡಮ್ಮ ಅದನ್ನು ಪಕ್ಕಕ್ಕಿಟ್ಟು, ಕೈಯನ್ನು ಮಡಿಲಿನಲ್ಲೇ ಇಟ್ಟುಕೊಂಡು ಕೇಳಿದಳು:

“ನಾನು ಮುಟ್ಟಿ ಅಳೀತೀನಿ. ಆಗ್ಬೋದಾ?”

“ಆಗ್ಬೋದು” ಎಂದಳು ಆಕೆ, ತುಟಿಯಲ್ಲೇ.

“ಮಿಷನ್ ಸದ್ದಿಗೆ ಕೇಳಿಸ್ಲಿಲ್ಲ. ಜೋರಾಗಿ ಹೇಳಮ್ಮ.”

ಮಿಷನ್ ನಿಂತಿತ್ತು. ಆಕೆಯ ಮುಖ ಕೆಂಪಾಯಿತು. “ಆಗ್ಬೋದಮ್ಮ, ಮುಟ್ಟಿ” ಎಂದು ಬೀದಿಗೆ ಕೇಳುವಂತೆ ಹೇಳಿದಳು. ಆಮೇಲೆ ದೊಡ್ಡಮ್ಮ ಆ ಮಗುವನ್ನು ಹತ್ತಿರ ಕರೆದು, “ಕೂತ್ಕಾ ತಲ್ಲಿ, ಬಗ್ಗು, ಕೈ ಎತ್ತು” ಎಂದಳು. ನನಗೆ ಎಷ್ಟು ಮೆತ್ತಗೆ ಕೈ ಇಟ್ಟಿದ್ದಳೋ ಅಷ್ಟೇ ಮೆತ್ತಗೆ.

ನಾನು ಓದಿ ಕೊರಟಗೆರೆಯ ಕಡೆ ಸ್ಕೂಲ್ ಟೀಚರಾದೆ. ಪಾಠ ಮಾಡುವಾಗ ಕಿಟಕಿಯಲ್ಲಿ ಸಿದ್ದರಬೆಟ್ಟ ಕಾಣುತ್ತದೆ. ಮಿಷನ್ ಕೊಂಡುಕೊಂಡು ಮನೆಯಲ್ಲೇ ನನ್ನ ಬಟ್ಟೆ, ಮಗಳ ಬಟ್ಟೆ ಹೊಲಿಯುತ್ತಿದ್ದೆ. ಊರಿಗೆ ಹೋಗುವುದು ಹಬ್ಬಕ್ಕೊಮ್ಮೆ, ಆಮೇಲೆ ಅದೂ ತಪ್ಪಿತು. ಹೋದ ವರ್ಷ ದೊಡ್ಡಮ್ಮನ ಮಗಳು ಫೋನ್ ಮಾಡಿದಳು. ಅಮ್ಮನಿಗೆ ಹೊಟ್ಟೆಯ ಕಾಯಿಲೆ, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ, ಸೀರೆ ಸೊಂಟದಲ್ಲಿ ನಿಲ್ಲುತ್ತಿಲ್ಲ, ನಿನ್ನ ಕೈಲಿ ಒಂದು ಸಾದಾ ಅಂಗಿ ಹೊಲಿಸಿಕೊಡು ಅಂತಾಳೆ ಎಂದಳು. ಪರೀಕ್ಷೆಯ ಪೇಪರುಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ನನ್ನ ಬಾಯಿಂದ ಬಂದ ಮಾತು ಇದು: “ಹೊಲೀತೀನಿ. ಮಧುಗಿರಿ ಬಸ್ಸಲ್ಲಿ ಯಾರಾದ್ರೂ ಬರೋರಿದ್ರೆ ಅಳತೆಗೆ ಅವಳದೊಂದು ನೈಟಿ ಕಳಿಸು.”

ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ನೈಟಿ ಬಂತು. ಅದನ್ನು ಹಾಸಿ, ಅಳೆದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಚೆನ್ನಾಗಿಯೇ ಹೊಲಿದೆ. ಶನಿವಾರ ಬೆಳಿಗ್ಗೆಯ ಸ್ಕೂಲು ಮುಗಿಸಿ ಎರಡು ಬಸ್ಸು ಬದಲಿಸಿ ಹೋದೆ.

ತೊಡಿಸಿದಾಗ ಭುಜ ಎರಡೂ ಕಡೆ ಜಾರಿ ಕೆಳಗಿಳಿಯಿತು. ಆ ಅಂಗಿಯೊಳಗೆ ಅವಳಂಥವರು ಇಬ್ಬರು ಹಿಡಿಯುತ್ತಿದ್ದರು. ದೊಡ್ಡಮ್ಮ ಅಂಗಿಯ ಸಡಿಲವನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ನಕ್ಕಳು.

“ಹೋದ್ ವರ್ಸದೋಳಿಗೆ ಹೊಲ್ದಿದ್ದೀಯಲ್ಲೇ ತಲ್ಲಿ. ಅವ್ಳು ಇಲ್ಲಿಲ್ವಲ್ಲ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಟೈಲರ್ ಮುಟ್ಟಲು ಮನಸ್ಸಿಲ್ಲದೆ ಕೇಳುತ್ತಿದ್ದ ಅಳತೆ ಬಟ್ಟೆಯನ್ನು ನಾನು ಬಿಡುವಿಲ್ಲವೆಂದು ಕೇಳಿದ್ದೆ. ಅವಳ ಮಂಚದ ಪಕ್ಕ ಕೂತು ಅತ್ತುಬಿಟ್ಟೆ. ಅವಳು “ಅತ್ತಿದ್ದು ಸಾಕು. ಕೈ ಇಡು” ಎಂದಳು.

ನನ್ನ ಗೇಣನ್ನು ಅವಳ ಭುಜದ ಮೇಲಿಟ್ಟೆ. ಒಂದೂವರೆ ಗೇಣಿಗೆಲ್ಲ ಭುಜದಿಂದ ಭುಜ ಮುಗಿದುಹೋಯಿತು. ಪಕ್ಕೆಯ ಎಲುಬುಗಳು ಒಂದೊಂದೇ ಬೆರಳಿಗೆ ಸಿಕ್ಕವು. ಕತ್ತಿನಿಂದ ಕಾಲಿನವರೆಗೆ ಅಳೆದೆ. ಅಲ್ಲಿಗೆ ನಿಲ್ಲಿಸಿದೆ.

“ಕೈ ಎತ್ತು ಅನ್ನಲ್ವಾ?” ಎಂದಳು.

ಅವಳೇ ಎತ್ತಲು ನೋಡಿದಳು. ಎದೆಯ ಮಟ್ಟಕ್ಕೆ ಬಂದು ಕೈ ನಿಂತಿತು. “ಇಷ್ಟೇ ನೋಡು. ಇಷ್ಟಕ್ಕೆ ಹೊಲಿ” ಎಂದಳು. ಅಷ್ಟು ಸಡಿಲವಿದ್ದುದರಿಂದಲೇ ಅಂಗಿ ತಲೆಯ ಮೇಲಿಂದ ಇಳಿದಿತ್ತು, ಮೈಗೆ ಸರಿಯಾಗಿ ಹೊಲಿದರೆ ಹಾಗೆ ತೊಡಿಸಲಾಗದು ಎಂದು ನನಗೆ ಆಗ ತಿಳಿಯಿತು. ಅದೇ ಅಂಗಿಯನ್ನು ಅಲ್ಲೇ ಬಿಚ್ಚಿದೆ. ಮುಂದುಗಡೆ ಉದ್ದಕ್ಕೂ ಸೀಳಿ, ಕಟ್ಟಿಕೊಳ್ಳಲು ಲಾಡಿ ಇಟ್ಟು, ಅವಳದೇ ಮಿಷನ್ನಿನಲ್ಲಿ ಸಂಜೆಯೊಳಗೆ ಮತ್ತೆ ಹೊಲಿದೆ. ಅವಳು ಮಲಗಿದಲ್ಲಿಂದಲೇ ಮಿಷನ್ನಿನ ಸದ್ದು ಕೇಳುತ್ತಿದ್ದಳು. ತೊಡಿಸಿದಾಗ ಅಂಚನ್ನು ತಡವಿ ನೋಡಿದಳು.

“ನಾಕ್ ಬೆರ್ಳು ಬುಟ್ಟಿದ್ದೀಯಾ?”

“ಬಿಟ್ಟಿದ್ದೀನಿ ದೊಡ್ಡಮ್ಮ.”

“ಹುಚ್ಚಿ. ಇನ್ ಯಾರೇ ಬೆಳೀಬೇಕು?” ಎಂದು ನಕ್ಕಳು. ಬಿಚ್ಚು ಎಂದು ಮಾತ್ರ ಹೇಳಲಿಲ್ಲ.

ಆ ಅಂಗಿಯಲ್ಲಿ ಅವಳು ಆರು ದಿನ ಇದ್ದಳು.

ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಪಡಸಾಲೆಯಲ್ಲಿ ಮಲಗಿಸಿದ್ದರು. ಹೊಸ ಸೀರೆ ಹೊದಿಸಿದ್ದರು, ಅದರ ಅಂಚಿನಲ್ಲಿ ನನ್ನ ಅಂಗಿಯ ಲಾಡಿ ಕಾಣುತ್ತಿತ್ತು. ಮಗಳು ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಬಲಗೈ ಹೊಟ್ಟೆಯ ಮೇಲಿತ್ತು, ಡೊಂಕು ಕಿರುಬೆರಳು ಹಾಗೆಯೇ ಒಳಕ್ಕೆ ಬಾಗಿತ್ತು. ಆಗ ಗುಂಡಿ ತೆಗೆಯುವವನು ಗುದ್ದಲಿ ಹಿಡಿದು ಅಂಗಳಕ್ಕೆ ಬಂದು, “ಉದ್ದ ಎಷ್ಟಾಯ್ತದೆ?” ಎಂದು ಕೇಳಿದ.

“ಐದಡಿ ಇದ್ಲು ಕಣಪ್ಪ, ಅಂದಾಜ್ ಮೇಲೆ ತೆಗಿ” ಎಂದರು ಯಾರೋ.

“ಅಂದಾಜು ಬೇಡ” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ಮಂಡಿಯೂರಿ ಕೂತು, ಪಾದದಿಂದ ಶುರುಮಾಡಿ ಗೇಣಿನ ಮುಂದೆ ಗೇಣು ಇಡುತ್ತ ಬಂದೆ. ಮಂಡಿ, ಸೊಂಟ, ಎದೆ, ಕತ್ತು. ನೆತ್ತಿ ಮುಟ್ಟುವವರೆಗೂ ಲೆಕ್ಕ ತಪ್ಪಲಿಲ್ಲ.

“ನನ್ನ ಗೇಣಿನಲ್ಲಿ ಏಳೂವರೆ” ಎಂದೆ. “ಅದರ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಡಪ್ಪ.”

ಅವನು ಕೋಲೊಂದನ್ನು ತಂದು ನನ್ನ ಮುಂದೆ ಹಿಡಿದ. ಅದರ ಮೇಲೆ ನಾನೇ ಅಳೆದು ಗುರುತು ಮಾಡಿಕೊಟ್ಟೆ.