ಟೊಳ್ಳು ನೆಲ ತೋರಿಸಿದ ತಾತ

ಹೋದ ವಾರ ಬಂಗಾರಪೇಟೆಯಲ್ಲಿ, ನಮ್ಮ ಬೀದಿಯ ಕೊನೆಯ ಸೈಟಿನಲ್ಲಿ ಯಾರೋ ಮನೆಗೆ ಪಾಯ ತೆಗೆಸುತ್ತಿದ್ದರು. ಬೆಳಗ್ಗೆ ಸಣ್ಣ ಸೋನೆ ಬಿದ್ದು ಅಗೆದ ಮಣ್ಣಿನ ವಾಸನೆ ಬೀದಿಗೆಲ್ಲ ಹರಡಿತ್ತು. ಆಳದ ಮಣ್ಣಿಗೆ ಬೇರೆಯೇ ವಾಸನೆ. ತಣ್ಣಗೆ, ತುಸು ತುಕ್ಕು ಹಿಡಿದಂತೆ... ತರಕಾರಿ ಚೀಲ ಹಿಡಿದು ಅಲ್ಲೇ ನಿಂತೆ. ತಾತ ನೆನಪಾದರು.

ಸ್ವಂತ ತಾತನಲ್ಲ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆ ಇದ್ದ ಹಳೆಯ ಹಾಲ್‌ನ ಕಾವಲುಗಾರ. ಎಲ್ಲರೂ ತಾತ ಅನ್ನುತ್ತಿದ್ದರು, ನಾನೂ ಅಂದೆ. ಅವರದು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿ, ನಾನು ಹುಟ್ಟಿದ ಊರಿಗೆ ಎರಡು ಮೈಲಿ. ಪ್ರಾಯದಲ್ಲಿ ಗಣಿಗೆ ಇಳಿದು, ಸುರಂಗದ ಮೇಲ್ಛಾವಣಿ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ ಮಾಡಿದ್ದರು. ಗಣಿ ಮುಚ್ಚಿದ ಮೇಲೆ ಹಾಲ್‌ನ ಬೀಗದ ಕೈ ಅವರ ಸೊಂಟ ಸೇರಿತು.

ಆ ಹಾಲ್ ಗಣಿ ನಡೆಯುತ್ತಿದ್ದ ಕಾಲದ್ದು. ಮರದ ನೆಲ, ತಗಡಿನ ಚಾವಣಿ. ಮೊದಲು ಬಿಳಿ ದೊರೆಗಳು ಕುಣಿದರಂತೆ, ಆಮೇಲೆ ಕಾರ್ಮಿಕರು ಸಭೆ ಸೇರಿದರಂತೆ. ಬರಬರುತ್ತಾ ಅಲ್ಲಿ ಮದುವೆ, ಆರತಕ್ಷತೆ, ಕಣ್ಣಿನ ಕ್ಯಾಂಪು ಎಲ್ಲ ನಡೆದವು. ಒಂದು ಗಾಳಿಗೆ ಅರ್ಧ ತಗಡು ಹಾರಿಹೋದ ಮೇಲೆ, ಅದನ್ನು ಕೆಡವಿ ದೊಡ್ಡ ಕನ್ವೆನ್ಷನ್ ಹಾಲ್ ಕಟ್ಟಲು ಮಂಜೂರಾತಿ ಬಂತು. ಆ ಕೆಲಸಕ್ಕೆ ನಾನು ಗುತ್ತಿಗೆ ಮೇಲೆ ಸೇರಿದ ಕಿರಿಯ ಇಂಜಿನಿಯರ್. ಅದು ನನ್ನ ಮೊದಲ ಕೆಲಸ.

ನಕ್ಷೆಯಲ್ಲಿ ಎಲ್ಲವೂ ಚೆಂದವಿತ್ತು. ಮುಂದೆ ಸಭಾಂಗಣ, ಎಡಕ್ಕೆ ವಧು-ವರರ ಕೋಣೆಗಳು, ಗಾಲಿಕುರ್ಚಿ ಹತ್ತಲು ಇಳಿಜಾರು, ಹಿಂದೆ ಊಟದ ಮನೆ. ಊಟದ ಮನೆಯ ಕಂಬಗಳಿಗೆ ಗುರುತು ಹಾಕಿಸುತ್ತಿದ್ದಾಗ ತಾತ ಹತ್ತಿರ ಬಂದು ನಿಂತರು.

"ಅಮ್ಮಣ್ಣಿ, ಇಲ್ಲಿ ಪಾಯ ಆಕ್ಬೇಡ. ಕೆಳಗೆ ಟೊಳ್ಳು."

"ನಾಲ್ಕು ಮೂಲೆಲೂ ಪರೀಕ್ಷೆ ಆಗಿದೆ ತಾತ. ಗಟ್ಟಿ ಬಂಡೆ ಬಂದಿದೆ."

"ಮೂಲೆ ಗಟ್ಟೀನೇ. ನಾನ್ ಏಳ್ತಿರೋದು ನಡುಮಧ್ಯ. ಗಣಿಯ ಹಳೇ ತೋಡು ಅದೆ, ಆಳ ಇಲ್ದೆ ಮೇಲೇ ಅದೆ. ನಾನೇ ಅದ್ರೊಳಗೆ ದಿಮ್ಮಿ ಕೊಟ್ಟಿದ್ದೆ. ಆ ಮರ ಇಷ್ಟೊತ್ತಿಗೆ ಪುಡಿ ಆಗಿರ್ತದೆ."

ಮೇಲಿನ ಇಂಜಿನಿಯರ್‌ಗೆ ಹೇಳಿದೆ. ಅವರು ಕಡತದಿಂದ ಕಣ್ಣೆತ್ತಲಿಲ್ಲ. "ವಾಚ್‌ಮನ್ ಮಾತು ಕೇಳಿ ನಕ್ಷೆ ಬದಲಾಯಿಸ್ತೀರಾ? ಸೋಮವಾರ ಕಾಂಕ್ರೀಟ್." ಗುತ್ತಿಗೆದಾರನಿಗೂ ಸುದ್ದಿ ಮುಟ್ಟಿತು. ಹೊಸ ಕಟ್ಟಡದಲ್ಲೂ ಕಾವಲು ಕೆಲಸ ಕೊಡುತ್ತೇನೆ ಎಂದಿದ್ದವನು, ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಎಂದು ತಾತನಿಗೆ ಹೇಳಿ ಕಳಿಸಿದ.

ನಾನು ಎರಡು ದಿನ ಸುಮ್ಮನಿದ್ದೆ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು ಎಂಬ ಭಯ. ತಾತ ಸುಮ್ಮನಿರಲಿಲ್ಲ. ಶನಿವಾರ ನನ್ನ ಟೀ ಲೋಟದ ಪಕ್ಕ ಕುಳಿತು, ಕೆಮ್ಮು ತಡೆದುಕೊಂಡು ಹೇಳಿದರು:

"ಒಂದ್ಸಲ ಕೆಳಗೆ ದಿಮ್ಮಿ ಸದ್ದು ಮಾಡ್ತಿತ್ತು. ಮೇಸ್ತ್ರಿಗೆ ಎದ್ರಿ ನಾನು ಬಾಯ್ಬಿಡ್ಲಿಲ್ಲ. ಜೊತೆಯೋನ ಕಾಲು ಓಯ್ತು... ಕೆಲ್ಸ ಓದ್ರೆ ಓಗ್ಲಿ ಕಣಮ್ಮಣ್ಣಿ. ಊಟಕ್ಕೆ ಕೂತಿರೋ ಜನದ ಕೆಳಗೆ ನೆಲ ಓಗ್ಬಾರ್ದು."

ಅವತ್ತೇ ಮಧ್ಯಾಹ್ನ ಕಟ್ಟಡದ ನೀರಿಗಾಗಿ ಬೋರ್‌ವೆಲ್ ಲಾರಿ ಬಂದಿತ್ತು. ಯಾರನ್ನೂ ಕೇಳದೆ, ಮೊದಲು ಊಟದ ಮನೆ ಜಾಗದ ನಡುವೆ ಒಂದು ತೂತು ಹಾಕಿ ಅಂದೆ. ತಾತ ಹೆಜ್ಜೆ ಅಳೆದು ಹಿಮ್ಮಡಿಯಿಂದ ಗುರುತು ಮಾಡಿದರು. ಯಂತ್ರ ಶುರುವಾಯಿತು. ಬಿಳಿ ದೂಳು ಬುಸ್ಸೆಂದು ಎದ್ದಿತು. ಮೂರಾಳು ಆಳ ಹೋಗುವಷ್ಟರಲ್ಲಿ ದೂಳು ಏಕಾಏಕಿ ನಿಂತಿತು, ರಾಡು ದಡಾರನೆ ಕೆಳಕ್ಕೆ ಜಾರಿತು. ಲಾರಿಯವನು ಯಂತ್ರ ನಿಲ್ಲಿಸಿ ಹಿಂದಕ್ಕೆ ಹಾರಿದ. ತೂತಿನಿಂದ ಹೊರಗೆ ಬಂದದ್ದು ತಣ್ಣನೆಯ ಗಾಳಿ ಮಾತ್ರ.

ನಾನು ಮಣ್ಣಿನ ಮೇಲೆಯೇ ಕೂತುಬಿಟ್ಟೆ. ತಾತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ತಲೆ ಮೇಲೆ ಕೈಯಿಟ್ಟರು. "ಬದುಕಿಕೊಂಡ್ವಿ ಬುಡು," ಅಂದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಈಗಲೂ ಸರಿಯಾಗಿ ನೆನಪಿಲ್ಲ...

ಮೇಲಿನ ಇಂಜಿನಿಯರ್ ಬಂದು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೋಡಿದರು. ಹಗ್ಗದ ಉದ್ದ ಅಳೆದು ಕಡತದಲ್ಲಿ ಬರೆದುಕೊಂಡರು. ಸೋಮವಾರದ ಕಾಂಕ್ರೀಟ್ ನಿಂತಿತು. ನೆಲವನ್ನು ಹೊಸದಾಗಿ ಪರೀಕ್ಷಿಸಿ, ಊಟದ ಮನೆಯನ್ನು ಬಂಡೆಯಿದ್ದ ಬಲಭಾಗಕ್ಕೆ ಸರಿಸಿದರು. ಟೊಳ್ಳು ಜಾಗಕ್ಕೆ ಬೇಲಿ ಬಿತ್ತು. ನನ್ನ ಕೆಲಸವೂ ಹೋಗಲಿಲ್ಲ, ತಾತನದೂ ಹೋಗಲಿಲ್ಲ.

ಉದ್ಘಾಟನೆಯ ದಿನ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಸ್ವಂತ ಮನೆ ತೋರಿಸುವವರಂತೆ ತಾತ ನಮ್ಮ ಅಮ್ಮನಿಗೆ ಎಲ್ಲ ತೋರಿಸಿದರು. ಜನರೇಟರ್, ಕೈತೊಳೆಯುವ ಸಾಲು ನಲ್ಲಿಗಳು, ಮಕ್ಕಳಿಗೆ ಹಾಲೂಡಿಸುವ ಕೋಣೆ. ಊಟದ ಮನೆಗೆ ಬಂದಾಗ ಚಪ್ಪಲಿ ಬಿಟ್ಟು ನೆಲಕ್ಕೆ ಹಿಮ್ಮಡಿ ಗುದ್ದಿ, ಗಟ್ಟಿ ಸದ್ದು ಕೇಳಿ ತಲೆಯಾಡಿಸಿದರು.

ಆಮೇಲೆ ನಾನು ಬೇರೆ ಊರಿನ ಕೆಲಸಕ್ಕೆ ಹೋದೆ. ಗಣಿಯ ದೂಳು ಅವರ ಎದೆಯಲ್ಲಿ ಉಳಿದಿತ್ತು. ಅದೇ ಅವರ ಜೀವ ತೆಗೆಯಿತು. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಆ ಎರಡು ದಿನ ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ, ಕೇಳಲೇ ಇಲ್ಲ.

ಈ ಭಾನುವಾರ ಬಸ್ಸು ಹತ್ತಿ ಆ ಹಾಲ್‌ಗೆ ಹೋದೆ. ಯಾರದೋ ಮದುವೆ ನಡೆಯುತ್ತಿತ್ತು. ಊಟದ ಮನೆ ತುಂಬಿ, ಮುಂದಿನ ಪಂಕ್ತಿಯವರು ಕುರ್ಚಿಗಳ ಹಿಂದೆ ಕಾದಿದ್ದರು. ಸಾಲುಗಳ ನಡುವೆ ಮಕ್ಕಳು ಧಡಧಡ ಓಡುತ್ತಿದ್ದರು. ನೋಡುತ್ತಾ ನನ್ನ ಎದೆ ಹಗುರಾಯಿತು.

"ಎಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ ಮೇಡಂ?" ಹೊಸ ವಾಚ್‌ಮನ್ ಕೇಳಿದರು.

"ಇಲ್ಲಿ ಮೊದಲು ಒಬ್ಬರು ತಾತ ಇದ್ದರಲ್ಲ... ಅವರ ಕಡೆ."

ಅವರು ಈಚೆಗೆ ಬಂದವರು, ಅರ್ಥವಾಗಲಿಲ್ಲ. ಆದರೂ ಪಕ್ಕಕ್ಕೆ ಸರಿದು ಒಳಗೆ ಕೈ ತೋರಿಸಿದರು. "ಊಟ ಮಾಡ್ಕೊಂಡೇ ಓಗಿ."

ಹೋಗಿ ಕೂತೆ. ಎಲೆ ಹಾಕಿದರು.