ಮಾವನ ಕೈ

ಹೆಮ್ಮರಗಾಲದ ಆ ಮದುಮಗನ ಕೆನ್ನೆ ಕೊಯ್ದದ್ದು ನಿನ್ನ ಅಪ್ಪ ಅಲ್ಲ, ಮಂಗಳಾ. ನಾನು. ಅವರ ಕೈ ಆಗ ನಡುಗುತ್ತಲೂ ಇರಲಿಲ್ಲ — ನಡುಗುತ್ತದೆ ಎಂದು ಮೊದಲು ಬಾಯಿಬಿಟ್ಟವನೂ ನಾನೇ. ನಿನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ಇದನ್ನು ನುಂಗಿಕೊಂಡೇ ಇದ್ದೆ.

ತೊಂಬತ್ತರ ದಶಕ ಅದು. ಕೆಲಸ ಕಲಿಯಲಿ ಎಂದು ನರಸೀಪುರದಿಂದ ನನ್ನನ್ನು ನಂಜನಗೂಡಿಗೆ, ಸೋದರಮಾವನ ಕ್ಷೌರದಂಗಡಿಗೆ ಕಳಿಸಿದರು. ನಿನ್ನನ್ನು ನನಗೇ ಕೊಡುವುದೆಂದು ಆಗಲೇ ಮಾತಾಗಿತ್ತು. ಮಾವ ಮಡಕೆಯ ಹೊಟ್ಟೆಗೆ ಸೋಪಿನ ನೊರೆ ಬಳಿದು, ಕ್ಷೌರದ ಕತ್ತಿ ಕೈಗಿತ್ತು, ಸದ್ದಾಗದಂತೆ ನೊರೆ ತೆಗೆ ಎನ್ನುತ್ತಿದ್ದರು. ‘ಒತ್ತಬ್ಯಾಡ ಕಣ್ಲಾ, ಅದರ ಪಾಡಿಗೆ ಅದು ಓಗ್ಲಿ’ — ದಿನವೂ ಇದೇ ಮಾತು. ನನಗೋ ಬೇಜಾರು. ಯಾವ ಓಬೀರಾಯನ ಕಾಲದ ಕತ್ತಿ ಇದು, ಅಂತ. ಅವರಿಲ್ಲದಾಗ ಸೇಫ್ಟಿ ರೇಜರಿನಲ್ಲಿ ಗಡ್ಡ ಕೆರೆದುಕೊಂಡು, ಕತ್ತಿಯಲ್ಲೇ ಮಾಡಿಕೊಂಡೆ ಎಂದು ಕೆನ್ನೆ ತೋರಿಸುತ್ತಿದ್ದೆ. ಮಾವ ಸವರಿ ನೋಡಿ ಹಿಗ್ಗುತ್ತಿದ್ದರು. ಸೇಫ್ಟಿ ರೇಜರನ್ನು ಒತ್ತಿದರೂ ಅಷ್ಟಾಗಿ ಕೊಯ್ಯುವುದಿಲ್ಲ. ನನ್ನ ಕೈಗೆ ಒತ್ತುವುದೇ ಅಭ್ಯಾಸವಾಯಿತು.

ಆ ಹಿಗ್ಗಿನಲ್ಲೇ ನನ್ನನ್ನು ಹೆಮ್ಮರಗಾಲಕ್ಕೆ ಕರೆದೊಯ್ದರು. ಚಪ್ಪರದ ದಿನ, ಮದುಮಗನ ಮುಖಕ್ಷೌರ. ಶಾಸ್ತ್ರಕ್ಕೆ ಮೊದಲ ಗೆರೆ ಮಾವನೇ ಎಳೆದರು. ಹುಡುಗ ಕಣ್ಣು ಮುಚ್ಚಿ ಕೂತಿದ್ದ, ನೆಂಟರೆಲ್ಲ ಚಪ್ಪರದ ಗದ್ದಲದಲ್ಲಿದ್ದರು. ಮಾವ ಮೆಲ್ಲನೆ ಕತ್ತಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣಲ್ಲೇ ಮಾಡು ಅಂದರು. ಅಳಿಯನಾಗುವವನು ಎಂಬ ಹೆಮ್ಮೆ ಆ ಕಣ್ಣಲ್ಲಿ... ನನಗೆ ಬರುವುದಿಲ್ಲ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ರೇಜರಿನಂತೆ ಒತ್ತಿ ಎಳೆದೆ.

ಹುಡುಗ ಕಿರುಚಿಕೊಂಡ. ಮಾವ ನನ್ನ ಕೈಯಿಂದ ಕತ್ತಿ ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ಗಾಯಕ್ಕೆ ಪಟಿಕ ಒತ್ತಿ ಹಿಡಿದರು. ಹುಡುಗನ ದೊಡ್ಡಪ್ಪ ಓಡಿ ಬಂದಾಗ ಕಂಡದ್ದು ಮಾವನ ಕೈಯಲ್ಲಿದ್ದ ಕತ್ತಿ. ಶುಭಕಾರ್ಯದಲ್ಲಿ ರಕ್ತ ಹರಿಸಿದೆಯಲ್ಲ ಎಂದು ಬಾಯಿಗೆ ಬಂದಂತೆ ಬೈದ. ಮಾವ ಉತ್ತರ ಕೊಡುವ ಮೊದಲೇ ನಾನು —

‘ವಯಸ್ಸಾಯ್ತಲ್ಲ ಸಾ, ನಮ್ ಮಾವನ ಕೈ ನಡುಗ್ತದೆ.’

ನನ್ನನ್ನು ಯಾರೂ ಕೇಳಿರಲಿಲ್ಲ. ಮಾವ ನನ್ನ ಮುಖ ನೋಡಿದರು. ಆಮೇಲೆ ‘ಊಂ ಬುದ್ಧಿ, ನಡುಗ್ತದೆ’ ಎಂದು ಕತ್ತಿ ಮಡಿಸಿದರು.

ಸುದ್ದಿ ದೇವನೂರು, ಬಿಳಿಗೆರೆಯವರೆಗೂ ಹೋಯಿತು. ಮದುವೆ ಮನೆಗಳಿಂದ ಕರೆ ಬರುವುದು ನಿಂತಿತು. ಅಂಗಡಿಯಲ್ಲೂ ಅವರ ಕತ್ತಿಗೆ ಮುಖ ಒಡ್ಡುವವರಿಲ್ಲವಾಯಿತು. ನಾನು ಬ್ಲೇಡ್ ಬದಲಿಸುವ ರೇಜರ್ ತಂದೆ, ಮಾವ ಬಾಗಿಲ ಬಳಿಯ ಬೆಂಚಿಗೆ ಸರಿದರು. ಐವತ್ತು ದಾಟಿದ್ದರೂ ಗಟ್ಟಿಮುಟ್ಟಾದ ಮನುಷ್ಯ, ಕೈಗಳನ್ನು ಟವೆಲ್ಲಿನಡಿ ಇಟ್ಟುಕೊಂಡು ಕೂರುತ್ತಿದ್ದರು. ನಿನ್ನನ್ನು ನನಗೇ ಕೊಟ್ಟರು. ಅಳಿಯನ ಕೈ ಕೆಟ್ಟದ್ದು ಎಂಬ ಹೆಸರು ಬಂದರೆ ನಿನ್ನ ಹೊಟ್ಟೆಪಾಡೇನು ಎಂದೇ ಅವತ್ತು ಅವರು ಒಪ್ಪಿಕೊಂಡದ್ದು. ಅದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ —

ಚೆಲ್ಲೀತು ಎಂದು ನೀನು ಅವರಿಗೆ ಅರ್ಧ ಲೋಟವೇ ಕಾಫಿ ಕೊಡುತ್ತಾ ಬಂದೆ. ಅವರು ಒಂದು ಹನಿ ಚೆಲ್ಲದೆ ಕುಡಿಯುತ್ತಿದ್ದರು. ಅರ್ಧವೇ ಕೊಟ್ಟದ್ದಕ್ಕೆ ಚೆಲ್ಲಲಿಲ್ಲ ಎಂದು ನೀನು ಸಮಾಧಾನಪಡುತ್ತಿದ್ದೆ. ಇನ್ನಷ್ಟು ಹಾಕು ಎಂದು ಅವರು ಕೇಳಲಿಲ್ಲ. ಪಕ್ಕದಲ್ಲೇ ಕೂತು ನಾನು ತುಂಬಿದ ಲೋಟ ಕುಡಿಯುತ್ತಿದ್ದೆ. ನನಗೆ ನಾಚಿಕೆಯಾಗುತ್ತದೆ, ಮಂಗಳಾ.

ಮೊನ್ನೆ ಆ ಲೋಟ ನಿಜವಾಗಿಯೂ ಅಲುಗಿತು. ಕಾಫಿ ಪಂಚೆಯ ಮೇಲೆ ಚೆಲ್ಲಿತು. ಅಯ್ಯೋ ಪಾಪ, ಇನ್ನೂ ಜಾಸ್ತಿಯಾಯಿತು ಎಂದು ನೀನು ಮರುಗಿದೆ. ಜಾಸ್ತಿಯಾದದ್ದಲ್ಲ, ಈಗಷ್ಟೇ ಶುರುವಾದದ್ದು. ನನ್ನ ಸುಳ್ಳು ನಿಜವಾಗುವ ತನಕ ಕಾದುಬಿಟ್ಟೆ. ಆ ಕೈ ಎಂಥದ್ದಾಗಿತ್ತು ಎಂದು ಕತ್ತಿ ಕೊಟ್ಟು ತೋರಿಸೋಣವೆಂದರೆ, ಇನ್ನು ಆಗುವುದಿಲ್ಲ.

ನಾಳೆ ಅಂಗಡಿಯಲ್ಲಿ, ಅವರು ಬೆಂಚಿನ ಮೇಲೆ ಕೂತಿರುವಾಗಲೇ, ಬಂದವರಿಗೆಲ್ಲ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು. ಬೆಳಿಗ್ಗೆ ಅವರಿಗೆ ತುಂಬಿದ ಲೋಟವೇ ಕೊಡು. ಚೆಲ್ಲಿದರೆ ನಾನು ಒರೆಸುತ್ತೇನೆ.